ತಬ್ರೇಜ್_೨

ಸಾಲಗಾಮೆ ರಸ್ತೆ, ಸಿಮೆಂಟಂಗಡಿಯ ಮೇಲಿನ ಮಹಡಿ.
ಮೂರು ಕಂಪ್ಯೂಟರು, ಕೆಮ್ಮುವ ಪ್ಲಾಟರೊಂದು.
ಕೀಬೋರ್ಡಿನ ಸಂದಿಗೆ ಇಳಿದ ಬೂದು ಧೂಳನ್ನು
ಬೆಳಿಗ್ಗೆ ಬೆಳಿಗ್ಗೆ ಹಳೇ ಬ್ರಷ್ಷಿನಿಂದ ಕೆರೆದು
ಮನೆ ಕಟ್ಟಲು ಕೂರುತ್ತೇನೆ.

ಸೇರಿದ ದಿನ ಪಾರ್ಶ್ವನಾಥ ಸರ್ ಅಂದಿದ್ದರು:
"ಪ್ರೊಫೈಲ್ ಅಂತ ಪಟ್ಟಿ ಇದೆ ನೋಡಮ್ಮ,
ಅದರಲ್ಲಿ ತಬ್ರೇಜ್_೨ ಆರಿಸಿಕೊ.
ಗೋಡೆ, ಬಾಗಿಲು, ಮೆಟ್ಟಿಲು, ಎಲ್ಲ ಅದರಲ್ಲೇ ಕೂತಿದೆ.
ಮೂರೂ ಕಂಪ್ಯೂಟರಿಗೆ ಅದೇ. ಏನೂ ಮುಟ್ಟಬೇಡ."

ತಬ್ರೇಜ್_೧ ಏನಾಯಿತೋ ಯಾರಿಗೂ ಗೊತ್ತಿಲ್ಲ.

ಆರಿಸಿಕೊಂಡೆ.
ಮದುವೆಮನೆ ಬಾಗಿಲಲ್ಲಿ ಅದಲುಬದಲಾದ ಚಪ್ಪಲಿಯಂತೆ
ಹೆಜ್ಜೆಗೊಮ್ಮೆ ಎಡವಿದೆ.
ಗೋಡೆಗೆ ಪಿ, ಬಾಗಿಲಿಗೆ ಎಲ್, ಅಳಿಸಲು ಸೆಮಿಕೋಲನ್.
ಕೀಲಿಗಳೆಲ್ಲ ಬಲದ ಮೂಲೆಗೆ ಹೋಗಿ ಗುಂಪು ಕಟ್ಟಿದ್ದವು.
ಮೌಸು ಎಡಗಡೆ, ಅದರ ದಾರ ಮೇಜಿಗೇ ಟೇಪು ಹಾಕಿ ಅಂಟಿಸಿತ್ತು.
"ಎಡಚ ಕಣಮ್ಮ ಅವನು," ಅಂದರು ಸರ್,
ಇಷ್ಟು ಹೊತ್ತು ಹೇಳದಿದ್ದುದನ್ನು.

ಆಮೇಲೆ ಊರಲ್ಲಿ ಕಣ್ಣಿಗೆ ಬೀಳತೊಡಗಿತು.
ತಣ್ಣೀರುಹಳ್ಳದ ಹೊಸ ಮನೆ, ವಿದ್ಯಾನಗರದ ಎರಡು ಡೂಪ್ಲೆಕ್ಸು,
ಪೆನ್ಷನ್ ಮೊಹಲ್ಲಾದ ಆ ಹಸಿರು ಗೇಟಿನ ಮನೆ:
ಬಾಗಿಲು ಎಲ್ಲವೂ ಎಡಗೈಗೆ ಒದಗಿ ತೆರೆಯುತ್ತವೆ.
ಬಲಗೈಯವರು ಒಂದು ಚಣ ತಡವರಿಸಿ
ವಾಸ್ತುವಿರಬೇಕು ಅಂದುಕೊಂಡು ಒಳಗೆ ಹೋಗುತ್ತಾರೆ.

ಪ್ರಿಂಟು ಒಯ್ಯಲು ಬಂದ ಮೇಸ್ತ್ರಿ ದ್ಯಾವಯ್ಯ
ನೀರಿನ ಕ್ಯಾನಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂದ:
"ಕರೆಂಟ್ ಹೋದ್ರೂ ಕಾಲಿಗೇ ಗೊತ್ತಾಯ್ತದೆ ಕಣವ್ವ
ಇದು ನಿಮ್ಮ ಆಫೀಸಿನ ಮನೆ ಅಂತ.
ಬ್ಯಾರೆ ಕಡೆ ಹದಿನೆಂಟು ಮೆಟ್ಲು, ನಿಮ್ದು ಇಪ್ಪತ್ತೊಂದು.
ಮೂರು ಮೆಟ್ಲಿನ ಕಾಂಕ್ರೀಟು ಯಾರ ಜೇಬಿಂದ?
ಆದ್ರೂ ಮುದುಕ್ರು ಹತ್ತತವೆ. ಅದು ಸರಿ."

ಅವನು ಹೋದ ಮೇಲೆ ಮೆಟ್ಟಿಲಿನ ಸೆಟ್ಟಿಂಗ್ ತೆರೆದೆ.
ಎತ್ತರ: ಐದೂ ಮುಕ್ಕಾಲು ಇಂಚು.
ಯಾರೂ ಇಡುವ ಅಳತೆಯಲ್ಲ.

ಒಬ್ಬ ಅಜ್ಜಿಯನ್ನು ಕಟ್ಟಿಕೊಂಡೆ ನಾನು.
ಮಂಡಿಗೆ ಎಣ್ಣೆ ತಿಕ್ಕುವ ಅಜ್ಜಿ, ಮೇಲಿನ ಕೋಣೆ,
ಅಳತೆಪಟ್ಟಿ ಹಿಡಿದು ಅವಳ ಪಾದ ಏಳುವುದನ್ನು ನೋಡುವ ಹುಡುಗ.
ವಾರವಿಡೀ ಆ ಅಜ್ಜಿ ನನ್ನ ಪ್ಲಾನುಗಳಲ್ಲಿ ಹತ್ತಿಳಿದಳು.

ಸೋಮವಾರ ಹೊಸ ವರ್ಷನ್ ಬರುತ್ತದೆ,
ನಿನ್ನದೇ ಪ್ರೊಫೈಲ್ ಮಾಡಿ ಎಲ್ಲರಿಗೂ ಹಂಚು ಅಂದರು ಸರ್.
ಅರಸೀಕೆರೆಗೆ ಫೋನು ಹಚ್ಚಿದೆ.
ತಬ್ರೇಜ್ ಈಗ ಅಲ್ಯೂಮಿನಿಯಂ ಕಿಟಕಿ ಮಾರುತ್ತಾನೆ.
ಹಿಂದೆ ಕಟಿಂಗ್ ಮಶೀನಿನ ಕಿರುಚು.
"ಐದೂ ಮುಕ್ಕಾಲಾ? ಇನ್ನೂ ಅದೇ ಇದೆಯಾ ಮೇಡಂ?
ಆರೂ ಮುಕ್ಕಾಲು ಹೊಡೆಯೋಕೆ ಹೋಗಿದ್ದು.
ಐದು ಆರು ಪಕ್ಕಪಕ್ಕ ಅಲ್ವಾ, ಬೆರಳು ಜಾರಿತು.
ಎರಡು ಮನೆ ಕಟ್ಟಿ ಆದ ಮೇಲೆ ಗೊತ್ತಾಯ್ತು,
ಸರ್‌ಗೆ ಹೆದರಿ ಸುಮ್ಮನಾದೆ.
ಹೇಳಬೇಡಿ."

ನಕ್ಕೆ. ಅಜ್ಜಿ ಮಾತ್ರ ಇಳಿದು ಹೋಗಲಿಲ್ಲ,
ಇಪ್ಪತ್ತನೆಯ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತೇ ಇದ್ದಳು.

ವನಜಾಕ್ಷಿ_೧ ಅಂತ ಹೆಸರಿಟ್ಟೆ.
ಬಾಗಿಲನ್ನು ಬಲಗೈಗೆ ಹೊರಳಿಸಿದೆ,
ಗೋಡೆಯ ಕೀಲಿಯನ್ನು ಎಡದ ಮೂಲೆಗೆ ಕರೆದುಕೊಂಡೆ.
ಅಡುಗೆ ಕಟ್ಟೆ ನನ್ನ ಎತ್ತರಕ್ಕೆ ಎರಡಿಂಚು ತಗ್ಗಿತು,
ಬೈದರೆ ಬೈಸಿಕೊಂಡರಾಯಿತು.
ಮೆಟ್ಟಿಲಿನ ಚೌಕದಲ್ಲಿ ಕರ್ಸರು ಮಿಟುಕುತ್ತಿತ್ತು.
ಐದು, ಆರು.
ಬೆರಳು ಎರಡರ ನಡುವಿನ ಗೆರೆಯ ಮೇಲೆ ತುಸು ನಿಂತು
ಐದನ್ನೇ ಒತ್ತಿತು.
ಜಾರಲಿಲ್ಲ.

ಮೌಸನ್ನು ಬಲಕ್ಕೆ ತರೋಣವೆಂದು ಟೇಪು ಕೀಳಲು ಹೋದೆ.
ಕೆಳಗಿನಿಂದ ಚಹಾ ಬಂತು.
ಲೋಟ ತುಟಿಗೆ ಬಂದ ಮೇಲೆ ನೋಡಿಕೊಂಡೆ,
ಹಿಡಿದದ್ದು ಎಡಗೈ.