ಹಾಸಿನ ಬಿಗಿ

ಬಾಗಲಕೋಟೆ, ನವನಗರ. ಐಸಿಯು, ಮೂರನೆಯ ಹಾಸಿಗೆ.
ಶಾಕವ್ವ, ಗುಳೇದಗುಡ್ಡ.
ಬಿಪಿ ಮೇಲಿನದು ಅರವತ್ತು,
ಕೆಳಗಿನದು ಯಂತ್ರಕ್ಕೂ ಸಿಗಲಿಲ್ಲ.
ಮೂರು ಬಾಟ್ಲಿ ಸಲೈನು ಕುಡಿದೂ
ಮೈ ಏಳಲಿಲ್ಲ.

ನಾರ್‌ಅಡ್ರಿನಲಿನ್, ಅಂದರು ಡಾಕ್ಟರು.
ಗಾಜಿನ ಕತ್ತು ಮುರಿದು ಸಿರಿಂಜಿಗೆ ಎಳೆದೆ,
ಪಂಪಿಗೆ ಕೂಡಿಸಿ ಬರೆದಿಟ್ಟೆ:
ತಾಸಿಗೆ ಐದು ಎಂಎಲ್.

ಬಾಗಿಲಲ್ಲಿ ಸೊಸೆ.
"ಅದೇನ್ ಮಾಡ್ತೈತ್ರೀ ಸಿಸ್ಟರ್?"
"ರಕ್ತದ ನರ ಸಡ್ಲ ಬಿದ್ದಾವವಾ, ಬಿಗೀತೈತಿ."
"ಹೌದ್ರಿ, ಹಾಸು ಸಡ್ಲಾದ್ರ ಖಣದಾಗ ಹೂವು ಏಳೂದಿಲ್ಲ,"
ಅಂದಳು, ತನಗೆ ತಾನೇ.

ಅರವತ್ತೆಂಟು. ಎಪ್ಪತ್ತನಾಕು.
ಐದನ್ನು ಎಂಟು ಮಾಡಿದೆ.
ಎರಡೂವರೆಗೆ ತೊಂಬತ್ತಾರು,
ಬರಿದಾಗಿದ್ದ ಚೀಲಕ್ಕೆ ನಾಲ್ಕು ಹನಿ ಮೂತ್ರ.
ಡಾಕ್ಟರೂ ನಾನೂ ಬಾಗಿ ಬಾಗಿ ಅದನ್ನೇ ನೋಡಿದೆವು.

ಬೆರಳಿನ ಕ್ಲಿಪ್ಪು ಮಾತ್ರ ಏನೂ ಓದಲಿಲ್ಲ.
ಕಿವಿಗೆ ಸಿಕ್ಕಿಸಿ, ಕೈ ಹಿಡಿದೆ:
ತಣ್ಣಗೆ. ತುದಿಗಳು ನೇರಳೆ.
ಈ ಮದ್ದಿನ ಲೆಕ್ಕವೇ ಹೀಗೆ,
ಎದೆಗೂ ತಲೆಗೂ ಕೊಡಲು
ಬೆರಳುಗಳಿಂದ ಕಡ ತರುತ್ತದೆ.

ನಲವತ್ತು ವರ್ಷ ಕುಣಿಮಗ್ಗದಲ್ಲಿ ಕೂತು
ಲಾಳಿ ಓಡಿಸಿದ ಬೆರಳು,
ಕರೆಂಟು ಹೋದಾಗ ಕಡಿದ ಎಳೆಯನ್ನು
ಕತ್ತಲಲ್ಲೇ ಗಂಟು ಹಾಕಿದ್ದು.
ಅವುಗಳನ್ನು ಯಾರು ಕೇಳಿದರು?
ನಾನಂತೂ ಕೇಳಲಿಲ್ಲ.

ಹತ್ತಿ ಸುತ್ತಿದೆ. ಉಸಿರು ಬಿಗಿಹಿಡಿದು
ಎಂಟನ್ನು ಏಳು ಮಾಡಿದೆ.
ತೊಂಬತ್ತನಾಲ್ಕು. ತೊಂಬತ್ತೊಂದು.
ಮತ್ತೆ ತೊಂಬತ್ತನಾಲ್ಕು.

ಹಾಲಿನ ಗಾಡಿ ಬರುವ ಹೊತ್ತಿಗೆ
ಹತ್ತಿಯೊಳಗೆ ಏನೋ ಮಿಸುಕಿತು. ಬಿಚ್ಚಿದೆ.
ಹೆಬ್ಬೆರಳು ತೋರುಬೆರಳನ್ನು
ಮೆಲ್ಲಗೆ ಉಜ್ಜುತ್ತಿತ್ತು,
ಎಳೆಯ ತುದಿ ಸಿಗದವರಂತೆ.

ಆರು ಮಾಡಿದೆ.