ಹುಳುಕು ಕಲ್ಲು

ಕೈ ನಡುಗತೊಡಗಿ ಹಲ್ಲಿನ ಡಾಕ್ಟರು ಹೋಮಾಯ್
ಮಾರ್ಚಿಯಲ್ಲಿ ದವಾಖಾನೆ ಮುಚ್ಚಿದರು.
ಕುರ್ಚಿ ಗುಜರಿಗೆ, ಎಕ್ಸ್‌ರೇ ಯಂತ್ರ ಮೀರಾ ರೋಡಿಗೆ.
ನೋವಿನವರು ತಮ್ಮ ಸರದಿ ಬರುವ ತನಕ
ದಿಟ್ಟಿಸುತ್ತಿದ್ದ ಉಪ್ಪುನೀರಿನ ತೊಟ್ಟಿ ಮಾತ್ರ
ನಾನಾ ಚೌಕದ ಹಿಂದಿನ ನನ್ನ ಖೋಲಿಗೆ ಬಂತು.
“ಹದಿನಾಲ್ಕು ವರ್ಷ ನೀನೇ ಒರೆಸಿದ ಗಾಜು, ಸುಗಂಧಾ.”

ಮೀನುಗಳನ್ನು ಕುರ್ಲಾದ ಹುಡುಗ ಒಯ್ದ.
ಉಳಿದದ್ದು ಹನ್ನೊಂದು ಕಿಲೋ ಕಲ್ಲು,
ತೂತು ತೂತಿನಲ್ಲೂ ಗಾಜಿನ ಹೂವಿನಂಥ ಪೀಡೆ.
ಹವಳದ ತುಂಡೊಂದರ ಬೆನ್ನಿಗಂಟಿ
ಒಂದೇ ಒಂದು ಬಂದಿತ್ತು ಹೋದ ದೀಪಾವಳಿಗೆ.
ಚೆಂದವಿದೆ, ಇರಲಿ ಅಂದವಳು ನಾನೇ.

ಚಿವುಟಿದರೆ ಚೂರಿಗೊಂದು ಹುಟ್ಟುತ್ತದೆ.
ಮುಟ್ಟಿದರೆ ಸರಕ್ಕನೆ ಒಳಗೆ.
ಕಲ್ಲು, ಹಲ್ಲು:
ನಮ್ಮಲ್ಲಿ ಒಂದಕ್ಷರದ ಅಂತರ ಎಂದೆ ಡಾಕ್ಟರಿಗೆ.
ಎರಡಕ್ಕೂ ಹುಳುಕು ಹಿಡಿಯುವುದು ಹಾಗೇ.
ಅವರು ತಮ್ಮ ಗುಜರಾತಿಯಲ್ಲಿ ಹುಡುಕಿದರು. ಸಿಗಲಿಲ್ಲ.

ಮೊದಲು ಅವರೇ ಸೂಜಿ ಹಿಡಿದರು,
ವಸಡು ಮರಗಟ್ಟಿಸುವ ಅದೇ ಸಿರಿಂಜು,
ಒಳಗೆ ನಿಂಬೆರಸ.
“ಬಾಯಿ ತೆರಿ” ಅಂದರು ಕಲ್ಲಿಗೆ, ಅಭ್ಯಾಸಬಲ.
ಹತ್ತರಲ್ಲಿ ಮೂರು ಗುರಿ ತಪ್ಪಿತು.
ಸೋಮವಾರ ಏಳು ಸತ್ತವು.
ಗುರುವಾರ ಎಣಿಸಲು ಹೋಗಲಿಲ್ಲ.

ಕುದಿಸಿಬಿಡಲೇ?
ಬೇಡವೇ ಬೇಡ. ಒಳಗೆ ಏನು ವಿಷವಿದೆಯೋ,
ಹಬೆ ಹತ್ತಿ ನಿನ್ನ ಎದೆಗಿಳಿಯುತ್ತದೆ.

ಸರಿ, ಟೆರೇಸು, ನೀಲಿ ಡ್ರಮ್ಮು,
ಐದೂವರೆಗೆ ಬಂದು ಆರೂಕಾಲಿಗೆ ನಿಲ್ಲುವ ನಲ್ಲಿ.
ಬ್ಲೀಚಿಗೆ ಮೊದಲು ಒಂದು ರಾತ್ರಿ ಸಿಹಿನೀರು.
ಆ ರಾತ್ರಿ ಟಾರ್ಚು ಬಿಡಬಾರದಿತ್ತು.
ಕಲ್ಲು ಖಾಲಿಯಾಗುತ್ತಿತ್ತು.
ಗುಲಾಬಿ ಕೂದಲಿನ ಹುಳುಗಳು,
ಉಗುರಿನಷ್ಟು ಏಡಿ, ಹೆಸರೇ ಗೊತ್ತಿಲ್ಲದ ಬಿಳಿ ಚುಕ್ಕೆಗಳು,
ನೋಟೀಸು ಸಿಗದ ಬಾಡಿಗೆದಾರರ ಹಾಗೆ
ಹೊರಬಿದ್ದು, ಹೊರಗೂ ಇರಲಾರದೆ.
ಕೊನೆಗೆ, ದಾರದಂಥ ಐದು ಕಾಲು ಚಾಚಿ ಒಂದು ನಕ್ಷತ್ರ.
ಅದೊಂದನ್ನು ಚಮಚದಲ್ಲೆತ್ತಿ
ಹಳೆಯ ನೀರು ತುಂಬಿದ ಉಪ್ಪಿನಕಾಯಿ ಬರಣಿಗೆ ಹಾಕಿದೆ.
ಏಡಿಗೆ ಯಾಕೆ ಹಾಗೆ ಮಾಡಲಿಲ್ಲ? ಗೊತ್ತಿಲ್ಲ.

ಮೂರನೇ ದಿನ ಸೊಸೈಟಿಯ ವೋರಾ ಮೇಲೆ ಬಂದರು,
ಮೂಗಿಗೆ ಕರ್ಚೀಫು.
“ಬೊಂಬಿಲ್ ಒಣಗಿಸ್ತಿದ್ದೀರಾ, ನಮ್ಮ ಟೆರೇಸಿನಲ್ಲಿ?”
ಕಲ್ಲು, ಅಂದೆ.
“ಕಲ್ಲು ನಾರುತ್ತದೆಯೇ?”
ಸತ್ತರೆ ನಾರುತ್ತದೆ, ಸಾಹೇಬರೇ.

ತೊಳೆ, ಮತ್ತೆ ತೊಳೆ, ಮೂರು ಸಲ ಫೋನು:
ಬ್ಲೀಚು ಒಂದು ಹನಿಯೂ ಉಳಿಯಬಾರದು,
ಆಸಿಡ್ಡಿಗೂ ಅದಕ್ಕೂ ಮುಖಾಮುಖಿ ಮಾಡಿಸಬೇಡ.
ತೆಳು ಆಸಿಡ್ಡಿನಲ್ಲಿ ಕಲ್ಲು ಸೋಡಾದಂತೆ ನೊರೆಗರೆಯಿತು.
ರೋಗಿಗಳಿಗೆ ಪುಕ್ಕಟೆ ಹಂಚಿ ಮಿಕ್ಕಿದ್ದ ಬ್ರಷ್ಷು
ಒಂದು ಡಬ್ಬಿ ಸವೆಯಿತು.
ಮೇ ತಿಂಗಳ ಬಿಸಿಲಿಗೆ ಬಿಳಿಚಿ,
ಯಾರದೋ ದವಡೆ ಕಳಚಿಟ್ಟ ಹಾಗೆ ಸಾಲಾಗಿ ಕೂತವು.

ಚೌಪಾಟಿಯ ಸಮುದ್ರ ಏಳು ನಿಮಿಷದ ದಾರಿ.
ಅದರ ನೀರು ಬಾರದು;
ಉಪ್ಪು ಪೊಟ್ಟಣದಲ್ಲಿ ಬರುತ್ತದೆ, ಎಂಟುನೂರು ರೂಪಾಯಿ.
ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಆರು ವಾರ,
ಒಂದು ಪಂಪಿನ ಗೊರಕೆ.
ಪರೀಕ್ಷೆಯ ಕೊಳವೆ ಹಿಡಿದದ್ದು ನಾನು,
ಬಣ್ಣ ಓದಿದ್ದು ಡಾಕ್ಟರು. ಕಣ್ಣು ಇನ್ನೂ ಗಟ್ಟಿ.
ಹಸಿರು, ಹಸಿರು, ತಿಳಿಹಸಿರು.
ಜುಲೈ ಹದಿಮೂರಕ್ಕೆ ಹಳದಿ.
“ಬದುಕಿತು” ಅಂದರು,
ಕೊಂದವರೂ ನಾವೇ ಅನ್ನುವುದು ಮರೆತವರಂತೆ.

ನಕ್ಷತ್ರವನ್ನು ಮನೆ ತುಂಬಿಸಲೆಂದು ಬರಣಿ ಎತ್ತಿದೆ.
ತಳದಲ್ಲಿ, ಗಾಜಿಗಂಟಿ,
ಎಳ್ಳಿನಷ್ಟು,
ಅರಳಿದೆ.

ಡಾಕ್ಟರು ಪರ್ಸಿನಿಂದ ಸಿರಿಂಜು ತೆಗೆದರು. ನೋಡಿದರು.
ಮತ್ತೆ ಒಳಗಿಟ್ಟು ಚಹಾ ಕೇಳಿದರು.

ತೊಟ್ಟಿಯಲ್ಲೀಗ ಎರಡು ಮೀನು, ಸ್ವಚ್ಛ ಕಲ್ಲು.
ಬರಣಿ ಬೇರೆ, ಕಿಟಕಿಯಲ್ಲಿ, ಸಕ್ಕರೆ ಡಬ್ಬಿಯ ಪಕ್ಕ.
ಒಂದರಿಂದ ಇನ್ನೊಂದಕ್ಕೆ ಹೋಗುವಾಗ
ಮೊಣಕೈ ತನಕ ಸೋಪು ಹಚ್ಚುತ್ತೇನೆ.
ವಾರಕ್ಕೊಮ್ಮೆ ಅರ್ಧ ಸೀಗಡಿ ಹೆಚ್ಚಿ ಹಾಕುತ್ತೇನೆ ಬರಣಿಗೆ.
ಇಬ್ಬರಿಗೂ ಸಾಲುತ್ತದೆ.