ಎಸ್ ಬರುತ್ತಾ, ಮೇಡಂ?

ಗೂಡಿನ ಮಾರುಕಟ್ಟೆಯ ಎದುರಿಗೆ, ಮೆಟ್ಟಿಲ ಕೆಳಗಿನ
ಆರಡಿ ಅಂಗಡಿ ನನ್ನದು. ಒಂದು ಕಂಪ್ಯೂಟರು,
ಕೆಮ್ಮುವ ಪ್ರಿಂಟರು, ನಾನೇ ಬರೆದು ತೂಗುಹಾಕಿದ ಬೋರ್ಡು:
'ಇಂಗ್ಲಿಷ್ ಅರ್ಜಿ ಬರೆದುಕೊಡಲಾಗುವುದು.'
ಶಿಡ್ಲಘಟ್ಟದಲ್ಲಿ ಯಾರಿಗೂ ಗೊತ್ತಿಲ್ಲ,
ಪಿಯುಸಿ ಇಂಗ್ಲಿಷಿನಲ್ಲಿ ನಾನು ಎರಡು ಸಲ ಡುಮ್ಕಿ.
ಮೊದಲು ಮೂವತ್ತೊಂದು, ಆಮೇಲೆ ಮೂವತ್ತನಾಲ್ಕು.
ಕಳೆದುಹೋದ ಆ ಒಂದು ಅಂಕ
ಈ ಕೀಬೋರ್ಡಿನ ಸಂದಿಯಲ್ಲೇ ಎಲ್ಲೋ ಬಿದ್ದಿದೆ
ಅನ್ನಿಸುತ್ತದೆ ಒಮ್ಮೊಮ್ಮೆ.

ಆದರೂ ಕೇಳುತ್ತಾರೆ.
ಟೀ ತರುವ ಹುಡುಗ ಲೋಟ ಇಡುತ್ತಲೇ ಕೇಳುತ್ತಾನೆ,
'ಸಿನ್ಸ್ ಹಾಕಬೇಕಾ ಮೇಡಂ, ಫಾರ್ ಹಾಕಬೇಕಾ?'
ಸೋಮವಾರದಿಂದ ಜ್ವರ, ಮೂರು ದಿನದಿಂದ ಜ್ವರ;
ನಮಗೆ ಎರಡೂ ಜ್ವರಕ್ಕೆ ಒಂದೇ 'ಇಂದ'.
ಅವರು ಅದನ್ನು ಸೀಳಿ ಪಾಲು ಮಾಡಿಕೊಂಡಿದ್ದಾರೆ,
ಅಣ್ಣತಮ್ಮಂದಿರು ನಡುವೆ ಬದು ಹಾಕಿಕೊಂಡ ಹಾಗೆ.

ಬಶೆಟ್ಟಹಳ್ಳಿಯ ಪಿಳ್ಳಾಂಜಿನಪ್ಪನಿಗೆ ರಜಾ ಅರ್ಜಿ ಬೇಕು.
'ಕಸಿನ್ ಬ್ರದರ್ ತಪ್ಪಂತೆ, ಬರೀ ಕಸಿನ್ ಸಾಕಂತೆ?'
ಹೌದು, ಸಾಕು.
'ಚಿಕ್ಕಪ್ಪನ ಮಗ?'
ಕಸಿನ್.
'ಸೋದರತ್ತೆ ಮಗಳು?'
ಅವಳೂ ಕಸಿನ್ನೇ.
ಅವನು ಕುರ್ಚಿ ಹಿಂದಕ್ಕೆ ಸರಿಸಿದ.
'ಅಣ್ಣ ಅನ್ನಬೇಕಾದವನೂ, ಕಟ್ಟಿಕೊಳ್ಳಬಹುದಾದವಳೂ
ಒಂದೇ ಮಾತಾ? ಅವರ ಮನೆಗಳಲ್ಲಿ
ಹೆಣ್ಣು ಕೇಳೋಕೆ ಹೋಗೋದು ಹೇಗೆ ಮೇಡಂ?'

ಬೇಸಿಗೆಯ ಒಂದು ಮಧ್ಯಾಹ್ನ ರೀಲರ್ ಬಾಬಾಜಾನ್ ಬಂದ,
ಬ್ಯಾಂಕಿಗೆ ಸ್ಟಾಕು ಪಟ್ಟಿ ಕೊಡಬೇಕಿತ್ತು.
ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಬೆರಳು
ಪರದೆಯ ಮೇಲಿಟ್ಟು ಕೇಳಿದ,
'ಕಕೂನಿಗೆ ಎಸ್ ಬರುತ್ತಾ?'
ಬರುತ್ತೆ.
'ಸಿಲ್ಕಿಗೆ?'
ಬರಲ್ಲ. ಅದನ್ನು ಎಣಿಸೋಕಾಗಲ್ಲ.
'ಅದೇ ಗೂಡು ತಾನೆ ಇದು?'
ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತನಾಲ್ಕು ಅಂಕದವಳು.
ಅವನೇ ಸ್ವಲ್ಪ ಹೊತ್ತು ಬಿಟ್ಟು ಅಂದ,
'ಎಂಟು ಗೂಡಿನ ಎಳೆ ಸೇರಿದರೆ ಒಂದು ದಾರ.
ಎಂಟನ್ನೂ ಎಣಿಸಿಯೇ ಹಿಡಿತೀನಿ.
ಚರಕ ತಿರುಗಿದ ಮೇಲೆ ಯಾವುದು ಯಾವುದರದೋ.
ನಿಮ್ಮ ಎಸ್ಸು ಆ ಬಾಂಡ್ಲಿ ನೀರಲ್ಲೇ ಕಳಚಿಕೊಳ್ಳುತ್ತೆ ಬಿಡಿ.'
ಬಾಗಿಲವರೆಗೆ ಹೋಗಿ ತಿರುಗಿದ.
'ತಳದಲ್ಲಿ ಉಳಿಯೋ ಹುಳಕ್ಕೆ?'
ಬರುತ್ತೆ, ಅಂದೆ.
ತಲೆಯಾಡಿಸಿ ಬಿಸಿಲಿಗಿಳಿದ.
ನಾನು ಮಾತ್ರ ಆ ಸಂಜೆ ಬೀಗ ಹಾಕುವಾಗ
ಗಾಳಿಯಲ್ಲಿದ್ದ ಬೆಂದ ಹುಳದ ವಾಸನೆಗೆ
ಎಸ್ ಬರುತ್ತದೋ ಇಲ್ಲವೋ ಅಂತ ನಿಂತುಬಿಟ್ಟೆ.

ಇಷ್ಟೆಲ್ಲ ಹೇಳಿದ್ದು ನಾರೆಮ್ಮನ ವಿಷಯಕ್ಕೆ.
ಸ್ತ್ರೀಶಕ್ತಿ ಸಂಘದ ಲೀಡರು, ಚರಕದ ಸಾಲಕ್ಕೆ ಅರ್ಜಿ.
ಸಾಲು ಸಾಲೂ ಓದಿಸಿ, ಅರ್ಥ ಹೇಳಿಸಿಕೊಂಡು,
ಎಲೆಅಡಿಕೆ ಜಗಿಯುತ್ತ ಹೂಂಗುಟ್ಟುತ್ತಿದ್ದಳು.
ಕೊನೆಯಲ್ಲಿ 'ಯುವರ್ಸ್ ಫೇತ್‌ಫುಲಿ.'
'ಅಂದರೆ?'
ನಂಬಿಕೆಯಿಂದ, ನಿಮ್ಮವಳು.
ಜಗಿಯುವುದು ನಿಂತಿತು.
'ನೇನೆಂದುಕಮ್ಮಾ ವಾನಿದಾನ್ನಿ?
ಮ್ಯಾನೇಜರನ ಮುಖ ನೋಡಿದ್ದೇ ಎರಡು ಸಲ,
ನಾನ್ಯಾಕೆ ಅವನವಳಾಗಲಿ?
ಕಟ್ಟಿಕೊಂಡವನಿಗೇ ಹಾಗೆ ಬರೆದುಕೊಟ್ಟಿಲ್ಲ.'
ಸುಮ್ಮನೆ ಹಾಕೋದು ನಾರೆಮ್ಮ, ಅರ್ಥವೇನಿಲ್ಲ, ಅಂದೆ.
'ಅರ್ಥ ಇಲ್ಲದ್ದಕ್ಕೆ ಹೆಬ್ಬೆಟ್ಟು ಒತ್ತೋ ಕಾಲ ಹೋಯ್ತು.
ನಾನು ಸಹಿ ಕಲಿತವಳು.'

ಅಳಿಸಿದೆ. ಅಕ್ಷರ ಅಕ್ಷರವೂ ಹಿಂದಕ್ಕೆ ನಡೆದು ಹೋಯಿತು.
ಬರೀ ಹೆಸರಿನ ಅರ್ಜಿ ಬ್ಯಾಂಕಿಗೆ ಹೋಗಿ
ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು ವಾಪಸು ಬಂತು.
ನಾರೆಮ್ಮ ಅದನ್ನು ಮೇಜಿನ ಮೇಲಿಟ್ಟಳು, ಕೋಪವಿಲ್ಲ.
'ಅವರಿಗೆ ಏನೋ ಒಂದು ಬೇಕಲ್ಲವಾ?
ಇಂತಿ, ನಾರೆಮ್ಮ ಅಂತ ಹಾಕು.
ಇಂತಿಗೆ ಇಂಗ್ಲಿಷಲ್ಲಿ ಏನಂತಾರೆ?'

ನಿಘಂಟು ತೆಗೆದೆ. ಸ್ಕೂಲಿನ ಸೋಮಶೇಖರಾಚಾರಿಗೆ ಫೋನು ಮಾಡಿದೆ,
ಅವರು ಆಮೇಲೆ ಹೇಳ್ತೀನಿ ಅಂದರು.
ಅವಳ ಹೆಸರಿನ ಮೇಲೆ ನಾಲ್ಕು ಬೆರಳಿನಷ್ಟು ಜಾಗ.
ಮೂರು ದಿನದಿಂದ
ಕರ್ಸರ್ ಅಲ್ಲೇ ಕಣ್ಣು ಮಿಟುಕಿಸುತ್ತಿದೆ.